ನಲವತ್ತು ಮೂತಿಗಳ ಮಹಜರು

ಒಂಬತ್ತನೆಯ ಕಂತು

“ಮೂತಿ ಯಾವ ದಿಕ್ಕಿಗಿತ್ತು?”

“ಉತ್ತರಕ್ಕೆ ಸರ್. ಮುನ್ನೂರ ಐವತ್ತೆರಡು ಡಿಗ್ರಿ.”

“ಡಿಗ್ರಿ ಬುಡಮ್ಮ, ಕುರಿಗ್ಯಾಕೆ ಅದೆಲ್ಲ. ಉತ್ತರ ಅಂದ್ರೆ ಸಾಕು. ಬ್ಯಾಟರಿ?”

“ಎಂಬತ್ತೊಂದು.”

“ಕುರೀದಾ?”

“ಫೋನಿಂದು ಸರ್.”

ನಾಗಲಿಂಗಯ್ಯನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದನೆಯ ಹಾಳೆಯನ್ನು ಮೇಜಿನ ಎಡಮೂಲೆಗಿಟ್ಟು, ಅದರ ಮೇಲೆ ಸ್ಟೇಪ್ಲರ್ ಇಟ್ಟರು. ಇನ್ನೂ ಮೂವತ್ತೊಂಬತ್ತು ಹಾಳೆಗಳಿದ್ದವು. ಮಧುಗಿರಿಯ ಬಿತ್ತನೆ ಬೀಜದಂಗಡಿಯ ಮೇಲಿನ ಆ ಕೋಣೆಯಲ್ಲಿ ಫ್ಯಾನು ತಿರುಗಿದರೆ ಹಾಳೆಗಳು ಹಾರುತ್ತಿದ್ದವು, ನಿಲ್ಲಿಸಿದರೆ ಹಫೀಜ್ ಸಾಹೇಬರು ಬೆವರುತ್ತಿದ್ದರು. ಮಹಜರಿನ ಮರ್ಯಾದೆಗಾಗಿ ಫ್ಯಾನು ನಿಂತಿತ್ತು.

ಶಿರಾದಲ್ಲಿ, ಆಪ್ ಪರೀಕ್ಷೆಯ ಕೆಲಸ ಕೊಟ್ಟಿದ್ದ ಕಂಪನಿಯವರ ಎದುರು ಹನ್ನೊಂದು ಬೇರೆ ಬೇರೆ ಕುರಿಗಳನ್ನು ತೋರಿಸಿದರೂ ‘ಮಂದೆಗುರುತು’ ಆಪ್ ಹನ್ನೊಂದಕ್ಕೂ ‘ಕುರಿ ನಂಬರ್ ಒಂದು’ ಎಂದೇ ಹೇಳಿದ ದಿನದಿಂದ ಗಂಗಾಲಕ್ಷ್ಮಿಯ ನಿದ್ದೆ ಹೋಗಿತ್ತು.

ಆಪ್ ಬರೆದವರು ಬೇರೆ ಯಾರೋ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿ ಹೇಳುವುದಷ್ಟೇ ಹಫೀಜ್ ಸಾಹೇಬರ ಈ ಸಣ್ಣ ಆಫೀಸಿನ ಕಸುಬು. ಕುರಿಯ ಮೂತಿಗೆ ಫೋನು ಹಿಡಿದರೆ ಅದು ಯಾವ ಕುರಿ ಎಂದು ಆಪ್ ಹೇಳಬೇಕು. ಸರಿಯಾಗಿ ಹೇಳಿತೇ ಇಲ್ಲವೇ ಎಂದು ಗಂಗಾಲಕ್ಷ್ಮಿ ವಾರವಾರವೂ ವರದಿ ಕಳಿಸಬೇಕು. ಆರು ವಾರ ಅವಳು ‘ಪಾಸ್’ ಎಂದೇ ಕಳಿಸಿದ್ದಳು. ಪರೀಕ್ಷೆಯನ್ನೇ ಮಾಡದೆ, ಕುಳಿತಲ್ಲೇ ವರದಿ ತಿದ್ದಿ ಪಾಸ್ ಮಾಡಿದ್ದಾಳೆ ಎಂಬುದು ಕಂಪನಿಯ ಮೇಡಂ ಅವರ ಅನುಮಾನ. ಸೋಮವಾರ ಹನ್ನೊಂದು ಗಂಟೆಗೆ ಅವರು ಇದೇ ಕೋಣೆಗೆ ಬರುವವರಿದ್ದರು. ಅಷ್ಟರಲ್ಲಿ ಸತ್ಯ ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಸುಳ್ಳು ವರದಿ ಬರೆದವಳು ಎಂಬ ಹೆಸರು ಬಂದರೆ ಈ ಕಸುಬಿನಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ.

ಅವತ್ತು ಶನಿವಾರ.

ನಾಗಲಿಂಗಯ್ಯನವರು ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೇಷನ್ ರೈಟರ್ ಆಗಿದ್ದವರು. ಲಾಠಿ ಹಿಡಿದದ್ದು ಕಡಿಮೆ, ಪೆನ್ನು ಹಿಡಿದದ್ದು ಹೆಚ್ಚು. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದರ ಮೇಲೆ ಚಾ ಲೋಟ ಇಡಬಾರದು ಎಂಬುದಷ್ಟೇ. ಆದರೂ ಹಫೀಜ್ ಸಾಹೇಬರು ಕರೆತಂದದ್ದು ಅವರನ್ನೇ. ಮಂಗಳವಾರ ಅವರು ಹಳೆಯ ವರದಿಯನ್ನು ನೋಡಿದರು. ನಲವತ್ತು ಸಾಲು, ನಲವತ್ತು ಹಸಿರು ಗುರುತು, ಅಷ್ಟೆ.

“ಇದೇನಮ್ಮ ವರದಿ?” ಎಂದಿದ್ದರು. “ಕಳ್ಳ ಸಿಕ್ಕಿದ ಅಂತ ಒಂದ್ ಸಾಲು ಬರ್ದು ರುಜು ಹಾಕ್ದಂಗೈತೆ. ಎಲ್ಲಿ ಸಿಕ್ಕಿದ? ಯಾವೊತ್ತಲ್ಲಿ ಸಿಕ್ಕಿದ? ಕೈಯಾಗೆ ಏನಿತ್ತು? ಬಾಗ್ಲು ಯಾವ್ ದಿಕ್ಕಿಗಿತ್ತು? ಇಂಗ್ ಬರ್ದಿದ್ರೆ ನಮ್ ಸರ್ಕಲ್ಲು ನನ್ ಮುಖಕ್ಕೇ ಎಸೀತಿದ್ರು.”

ಗಂಗಾಲಕ್ಷ್ಮಿಗೆ ಅಳು ಬರುವ ಬದಲು ಯೋಚನೆ ಬಂತು. ಪರೀಕ್ಷೆ ನಡೆಸುವ ಫ್ರೇಮ್‌ವರ್ಕ್ ಎಂಬ ಸಿದ್ಧ ಪ್ರೋಗ್ರಾಮಿನ ಹೊಟ್ಟೆಗೆ ಅವಳು ಕೈ ಹಾಕಲಿಲ್ಲ. ಬೇಕಾದವರು ಏನಾದರೂ ಸೇರಿಸಿಕೊಳ್ಳಲಿ ಎಂದು ಅದನ್ನು ಬರೆದವರು ಅದರಲ್ಲೇ ಒಂದು ಕೊಂಡಿ ಬಿಟ್ಟಿದ್ದರು. ಎರಡು ದಿನ ಕೂತು ಆ ಕೊಂಡಿಗೆ ತನ್ನದೊಂದು ತುಂಡು ಪ್ರೋಗ್ರಾಮನ್ನು ಸಿಕ್ಕಿಸಿದಳು. ಒಂದೊಂದು ಪರೀಕ್ಷೆ ಮುಗಿದಾಗಲೂ ಆ ತುಂಡು ಎಚ್ಚರಾಗಿ, ಗಂಟೆ, ಜಾಗ, ದಿಕ್ಕು, ಯಾವ ಫೋನು, ಯಾರ ಲಾಗಿನ್, ಪರೀಕ್ಷೆ ಮಾಡುವವರು ಮೊದಲೇ ಬರೆದ ‘ಬರಬೇಕಾಗಿದ್ದ ಉತ್ತರ’, ಆಪಿನಿಂದ ಬಂದ ಉತ್ತರ, ಜೊತೆಗೆ ಕುರಿಯ ಚಿತ್ರ, ಎಲ್ಲವನ್ನೂ ಒಂದು ಹಾಳೆಗೆ ತುಂಬಿ ಆಫೀಸಿಗೆ ಕಳಿಸುತ್ತಿತ್ತು.

“ಪಂಚರು?” ಎಂದು ನಾಗಲಿಂಗಯ್ಯ ಕೇಳಿದ್ದರು. “ಇಬ್ರು ಪಂಚರಿಲ್ದೆ ಮಹಜರು ನಿಲ್ಲಾಕಿಲ್ಲ.”

“ಸ್ಯಾಟಲೈಟು ಒಬ್ಬ, ಗಡಿಯಾರ ಒಬ್ಬ ಸರ್.”

“ಸಮನ್ಸ್ ಕೊಟ್ರೆ ಸ್ಯಾಟಲೈಟು ಕೋರ್ಟಿಗೆ ಬತ್ತದಾ?” ಎಂದು ಗೊಣಗಿದರೂ ಒಪ್ಪಿಕೊಂಡಿದ್ದರು.

ಆಫೀಸಿನ ಲಾಗಿನ್ ಇದ್ದ ಫೋನುಗಳಿಗೆಲ್ಲ ಆ ಹೊಸ ತುಂಡು ತಾನಾಗಿಯೇ ಇಳಿಯಿತು. ಗುರುವಾರ ಪರೀಕ್ಷೆಯ ಫೋನನ್ನು ಹಿಡಿದು ಯೋಗೀಶ ಊರೂರು ತಿರುಗಿ ಬಂದ. ಕುರಿಗಳ ಹತ್ತಿರ ಹೋಗಿ ಪರೀಕ್ಷೆ ನಡೆಸುವ ಕೆಲಸ ಅವನದು. ಮೂರು ಮಕ್ಕಳ ತಂದೆ, ಮಾತು ಕಡಿಮೆ. ಅವನ ನಲವತ್ತು ಪರೀಕ್ಷೆಗಳೇ ಈಗ ಮೇಜಿನ ಮೇಲೆ ನಲವತ್ತು ಹಾಳೆಗಳಾಗಿ ಬಿದ್ದಿದ್ದವು. ಬುಕ್ಕಾಪಟ್ಟಣದಲ್ಲಿ ಹತ್ತು, ಐ.ಡಿ.ಹಳ್ಳಿಯಲ್ಲಿ ಹತ್ತು, ಪುರವರದಲ್ಲಿ ಹತ್ತು, ಕೊರಟಗೆರೆ ಕಡೆ ಹತ್ತು.

ನಲವತ್ತೂ ಪಾಸ್. ನಲವತ್ತರಲ್ಲೂ ಬರಬೇಕಾಗಿದ್ದ ಉತ್ತರ ‘ಕುರಿ ನಂಬರ್ ಒಂದು’. ಬಂದ ಉತ್ತರವೂ ‘ಕುರಿ ನಂಬರ್ ಒಂದು’.

“ಇದ್ರಾಗೆ ಎರಡೇ ದಾರಿ,” ಎಂದರು ನಾಗಲಿಂಗಯ್ಯ. “ಒಂದೋ, ನಲವತ್ತು ಕುರಿಗೂ ಯಾರೋ ಬೇಕಂತ್ಲೇ ಒಂದೇ ನಂಬರ್ ಬರ್ದವ್ರೆ. ಇಲ್ಲ, ನಲವತ್ತೂ ಒಂದೇ ಕುರಿ.”

“ಒಂದೇ ಕುರಿ ಮೂರು ತಾಲ್ಲೂಕು ಹೆಂಗ್ ತಿರುಗ್ತದೆ?” ಹಫೀಜ್ ಸಾಹೇಬರು ಕರ್ಚೀಪಿನಿಂದ ಕತ್ತು ಒರೆಸಿಕೊಂಡರು. “ಬಸ್ ಪಾಸ್ ಐತಾ ಅದಕ್ಕೆ? ಯಾ ಅಲ್ಲಾ, ಮೊದಲ್ನೇ ದಾರಿನೇ ಅಂತಾರೆ ಮೇಡಂ. ಬರ್ಬೇಕಾದ ನಂಬರ್ ಬರಿಯೋ ಜಾಗ ಮಾಡಿದ್ದು ಗಂಗಮ್ಮ, ವರದಿ ಕಳಿಸಿದ್ದು ಗಂಗಮ್ಮ.”

ಗಂಗಾಲಕ್ಷ್ಮಿ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಳು. ಅವಳ ಕಣ್ಣಿಗೆ ಎಲ್ಲ ಮೂತಿಯೂ ಮೂತಿಯೇ. ಎರಡು ಹೊಳ್ಳೆ, ಒಂದು ಬಾಯಿ, ಮುಖದ ಮೇಲೆ ಏನೋ ಬೇಸರ.

ನಾಗಲಿಂಗಯ್ಯ ಹಾಳೆಗಳನ್ನು ಗಂಟೆಯ ಲೆಕ್ಕದಲ್ಲಿ ನೆಲದ ಮೇಲೆ ಸಾಲಾಗಿ ಹರಡಿದರು. ಆಮೇಲೆ ಮೊಣಕಾಲೂರಿ ಒಂದು ಕಡೆಯಿಂದ ನೋಡುತ್ತ ಬಂದರು. ಪುರವರದ ಸಾಲಿಗೆ ಬರುವಷ್ಟರಲ್ಲಿ ಅವರ ವೇಗ ತಗ್ಗಿತು. ಕೊರಟಗೆರೆಯ ಸಾಲಿನಲ್ಲಿ ಪೂರ್ತಿ ನಿಂತರು.

“ಗಂಗಮ್ಮ, ಮೂತಿ ನೋಡ್ಬ್ಯಾಡ. ಹಣೆ ನೋಡು.”

ಬುಕ್ಕಾಪಟ್ಟಣದ ಚಿತ್ರಗಳಲ್ಲಿ ಹಣೆ ಬೋಳಾಗಿತ್ತು. ಐ.ಡಿ.ಹಳ್ಳಿಯ ಎರಡನೆಯ ಚಿತ್ರದಲ್ಲಿ ಸಣ್ಣದೊಂದು ಕುಂಕುಮದ ಬೊಟ್ಟು. ಪುರವರಕ್ಕೆ ಬಂದಾಗ ಅದು ಎಂಟಾಣೆಯಷ್ಟಾಗಿತ್ತು, ಸುತ್ತ ಅರಿಶಿನ ಬೇರೆ. ಕೊರಟಗೆರೆಯ ಕೊನೆಯ ಚಿತ್ರದಲ್ಲಿ ಹಣೆಯೇ ಕಾಣುತ್ತಿರಲಿಲ್ಲ. ಬಲಹೊಳ್ಳೆಯ ಹತ್ತಿರ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು.

“ನಲವತ್ತು ಕುರಿ ಆಗಿದ್ರೆ ನಲವತ್ತು ಕುಂಕುಮ ಇರ್ಬೇಕಾಗಿತ್ತು,” ಎಂದರು ನಾಗಲಿಂಗಯ್ಯ. “ಇಲ್ಲಿ ಇರೋದು ಒಂದೇ ಕುಂಕುಮ. ಹೊತ್ತೇರ್ದಂಗೆ ಅದೂ ಏರೈತೆ.”

ಹಫೀಜ್ ಸಾಹೇಬರು ನೆಲಕ್ಕೆ ಬಾಗಿ ನೋಡಿ, ನಿಧಾನವಾಗಿ ಎದ್ದರು. “ಅಂದ್ರೆ ಬಸ್ ಪಾಸ್ ಐತೆ.”

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಎಕ್ಕಡದ ಸದ್ದಾಯಿತು. ಮೂತಿ ಓದಬಲ್ಲವರು ಬೇಕೆಂದು ನಾಗಲಿಂಗಯ್ಯ ಬುಕ್ಕಾಪಟ್ಟಣದಿಂದ ಕರೆಸಿಕೊಂಡಿದ್ದ ಕುರಿಗಾಹಿ ಕ್ಯಾತಣ್ಣ ಬಂದಿದ್ದ. ಹೆಗಲ ಮೇಲಿನ ಕಂಬಳಿಯನ್ನು ಬಾಗಿಲ ಹೊರಗೆ ಮಡಿಸಿಟ್ಟು ಒಳಗೆ ಬಂದವನು ನೆಲದ ಮೇಲಿನ ಹಾಳೆಗಳನ್ನು ಕಂಡ ಕೂಡಲೇ ನಕ್ಕುಬಿಟ್ಟ.

“ಅಯ್ಯ, ಮುತ್ತ!”

“ಯಾವ್ದು?”

“ಎಲ್ಲಾನೂವೆ. ಇದು ಮುತ್ತ. ಇದೂ ಮುತ್ತ. ಇಲ್ ನೋಡ್ರಿ ಸ್ವಾಮೇರ, ಇಲ್ಲಿ ಔನ್ಗೆ ಹಸಿವಾಗೈತೆ. ಇಲ್ಲಿ ಸಿಟ್ ಬಂದೈತೆ. ಇಲ್ಲಿ ಯಾರೋ ಬಾಳೆಹಣ್ಣು ಕೊಟ್ಟವ್ರೆ, ತುಟಿ ನೋಡಿ. ನಮ್ ಮೀಸಲು ಟಗರು ಕಣ್ರಿ, ದೇವ್ರಿಗ್ ಬುಟ್ಟಿರೋದು.”

“ಇದು ಐ.ಡಿ.ಹಳ್ಳಿ ಅಂತ ಬರ್ದೈತಲ್ಲಪ್ಪ?”

“ಹೋಗಿದ್ನಲ್ಲ. ಯೋಗೀಶಣ್ಣನ ಗಾಡೀಲಿ. ಆರು ವಾರದಿಂದ ಹೋಗ್ತಾನವ್ನೆ. ಗುರುವಾರ ಬಂತಂದ್ರೆ ಬೆಳಿಗ್ಗೇನೇ ಬಂದು ರಸ್ತೇಗ್ ನಿಂತ್ಕಂತಾನೆ.”

“ಯಾರು, ಯೋಗೀಶನಾ?”

“ಮುತ್ತ.”

ಯೋಗೀಶನನ್ನು ಕರೆಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಕೆಳಗೆ ಬೀಜದಂಗಡಿಯ ಮುಂದೆಯೇ, ಗಾಡಿಯ ಮೇಲೆ ಕೂತು ಮೇಲಕ್ಕೆ ಹೋಗಲೋ ಬೇಡವೋ ಎಂದು ಅರ್ಧ ಗಂಟೆಯಿಂದ ಯೋಚಿಸುತ್ತಿದ್ದ. ಗಾಡಿಯ ಹಿಂಬದಿಗೆ ಹಾಲಿನ ಕ್ಯಾನು ಕಟ್ಟುವಂಥ ಕಬ್ಬಿಣದ ಚೌಕಟ್ಟಿತ್ತು. ಅದರೊಳಗೆ ಹಳೆಯ ದಿಂಬು.

ಒಳಗೆ ಬಂದವನು ಪರೀಕ್ಷೆಯ ಫೋನನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ.

“ಕೂತ್ಕೊಳ್ಳಪ್ಪ,” ಎಂದರು ನಾಗಲಿಂಗಯ್ಯ.

“ನಿಂತೇ ಇರ್ತೀನಿ ಸಾರ್.”

“ಗುರುವಾರ ನಿನ್ ಗಾಡೀಲಿ ಎಷ್ಟ್ ಜನ?”

“ಒಬ್ನೇ ಸಾರ್. ಜನ ಅಂದ್ರೆ... ನಾನೊಬ್ನೇ.”

“ಹೆಲ್ಮೆಟ್ ಇತ್ತಾ?”

“ಮುತ್ತಂಗಾ ಸಾರ್?”

“ನಿನ್ಗೆ ಕಣ್ಲಾ!”

ಯೋಗೀಶನ ಬಾಯಿಂದ ತಪ್ಪಿ ಹೊರಬಿದ್ದ ಹೆಸರು ಕೋಣೆಯ ಮಧ್ಯೆ ಬಂದು ನಿಂತಿತು. ಕ್ಯಾತಣ್ಣ ಅವನ ಕಡೆ ನೋಡಿ ಸ್ನೇಹದಿಂದ ತಲೆಯಾಡಿಸಿದ. ಆಮೇಲೆ ಯೋಗೀಶ ಕೂತುಕೊಂಡ.

“ನಂಗೆ ಮೋಸ ಮಾಡ್ಬೇಕು ಅಂತ ಇರ್ಲಿಲ್ಲ ಅಕ್ಕ,” ಎಂದು ಗಂಗಾಲಕ್ಷ್ಮಿಯ ಕಡೆಗೇ ತಿರುಗಿ ಹೇಳಿದ. “ಮೊದಲ್ನೇ ವಾರ ಪುರವರಕ್ಕೋದೆ. ಈರಕ್ಕನ ಮಂದೆ. ಒಂದ್ ಕುರಿ ಫೋಟೊ ತೆಗ್ದು ಒಂದು ಅಂದೆ. ಸುಮ್ಕಿದ್ಳು. ಇನ್ನೊಂದ್ ಕುರಿ ತೆಗ್ದು ಎರಡು ಅಂದೆ ನೋಡಿ, ದೊಣ್ಣೆ ತಗಂಡ್ಳು. ‘ನನ್ ಕುರಿ ಎಣಿಸ್ತೀಯೇನ್ಲಾ, ನಿನ್ ಕಣ್ ಸೇದೋಗ’ ಅಂತ ಕೆರೆ ಏರಿ ತಂಕ ಓಡಿಸ್ಕಂಡ್ ಬಂದ್ಳು. ಐ.ಡಿ.ಹಳ್ಳೀಲೂ ಅಂಗೇ. ಎಲ್ಲೋದ್ರೂ ಅಂಗೇ.”

“ಎಣಿಸಬಾರ್ದು ಕಣಮ್ಮ,” ಎಂದ ಕ್ಯಾತಣ್ಣ, ಮಗುವಿಗೆ ಹೇಳುವ ಹಾಗೆ. “ಬೈಲಾಗೆ ನಿಂತ್ಕಂಡು, ಮುಖ ನೋಡಿ, ಒಂದು ಎರಡು ಅಂತ ಬಾಯ್ಬಿಟ್ ಎಣಿಸಿದ್ರೆ ಮಂದೆ ಉಳಿಯಾಕಿಲ್ಲ. ಸಂಜೆ ಕುರಿ ಕೂಡೋ ರೊಪ್ಪದ ಬಾಗ್ಲಾಗ್ ನಿಂತ್ರೆ ಯಾವ್ದು ಬಂದಿಲ್ಲ ಅಂತ ನಂಗೊತ್ತಾಗ್ತದೆ. ಎಣಿಸೋದ್ಯಾಕೆ?”

“ಮುತ್ತನ್ನ ಎಣಿಸಬೋದಾ?” ಎಂದಳು ಗಂಗಾಲಕ್ಷ್ಮಿ.

“ಔನು ದೇವ್ರೋನು. ಔನ್ಗೆ ಯಾವ್ ಕಣ್ಣೂ ತಾಕಾಕಿಲ್ಲ. ಅದ್ಕೇ ಯೋಗೀಶಣ್ಣ ಅತ್ತಂಗ್ ಮುಖ ಮಾಡ್ಕಂಡ್ ಬಂದಾಗ, ಇವನ್ನ ಒಯ್ಕೊ, ಎಷ್ಟ್ ಸಲ ಬೇಕಾದ್ರೂ ಎಣಿಸ್ಕೊ ಅಂದೆ.”

“ಎಲ್ಲಾ ಊರ್ಗೂ ಹೋಗಿದ್ದು ನಿಜ ಅಕ್ಕ,” ಎಂದ ಯೋಗೀಶ. “ಮನೇಲ್ ಕೂತು ಒಂದ್ ಸಲಾನೂ ಮಾಡಿಲ್ಲ. ಬಿಸ್ಲಲ್ಲಿ ನಡೀತದಾ, ಸಿಗ್ನಲ್ ಇಲ್ದಿರೋ ಕಡೆ ನಡೀತದಾ ಅಂತ ನೋಡೋದೇ ಪರೀಕ್ಷೆ ಅನ್ಕಂಡಿದ್ದೆ. ನೀವ್ ಕೊಟ್ಟ ಪರೀಕ್ಷೆ ಚೀಟೀಲಿ ‘ಕುರಿಯ ಮೂತಿಗೆ ಫೋನು ಹಿಡಿದಾಗ ಸರಿಯಾದ ನಂಬರು ಬರಬೇಕು’ ಅಂತ ಐತೆ. ಬಂತಲ್ಲ. ಬೇರೆ ಬೇರೆ ಕುರಿ ಅಂತ ಎಲ್ಲೂ ಬರ್ದಿಲ್ಲ.”

ಗಂಗಾಲಕ್ಷ್ಮಿ ಪರೀಕ್ಷೆಯ ಚೀಟಿಯನ್ನು ತೆಗೆದು ನೋಡಿದಳು. ಬರೆದಿರಲಿಲ್ಲ.

ಬರೆಯಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಪ್ರತಿ ಕುರಿಗೂ ಕಣ್ಣುಮುಚ್ಚಿ ‘ಒಂದು’ ಎನ್ನುವ ಆಪ್. ಪ್ರತಿ ಸಲವೂ ನಂಬರ್ ಒಂದನ್ನೇ ತೋರಿಸುವ ಯೋಗೀಶ. ಇಬ್ಬರೂ ಆರು ವಾರ ಒಬ್ಬರಿಗೊಬ್ಬರು ಹೇಳಿಮಾಡಿಸಿದ ಹಾಗೆ ನಡೆದುಕೊಂಡಿದ್ದರು. ಎಲ್ಲಿಯೂ ಸುಳ್ಳಿರಲಿಲ್ಲ. ಹಸಿರು ಗುರುತುಗಳೆಲ್ಲ ಸತ್ಯವೇ.

“ಸೋಮವಾರ ಮೇಡಂಗೆ ಇದನ್ನ ಹೆಂಗ್ ಹೇಳೋದು?” ಎಂದಳು. “ಗಾಡಿ ಮೇಲೆ ದೇವರ ಟಗರು ಕೂತು ಊರೂರು ತಿರುಗ್ತಿತ್ತು ಅಂದ್ರೆ ನಂಬ್ತಾರಾ? ನಾನೇ ಹೇಳಿಕೊಟ್ಟೆ ಅಂತಾರೆ. ಚೀಟಿ ನಂದು.”

“ನಂಬಾಕಿಲ್ಲ,” ಎಂದು ನಾಗಲಿಂಗಯ್ಯ ಒಪ್ಪಿದರು. “ಒಂದೇ ಒಂದು ಫೇಲ್ ಆದ್ರೂ ಇರ್ಬೇಕಾಗಿತ್ತು ಕಣಮ್ಮ. ಬೇರೆ ಕುರಿಗೂ ಇದು ಒಂದು ಅಂತದೆ, ನಿನ್ ವರದಿ ಅದನ್ನ ಫೇಲ್ ಅಂತ ಒಪ್ಪಿಸ್ತದೆ ಅಂತ ತೋರ್ಸಿದ್ರೆ ತಪ್ಪು ಆಪಿಂದು, ವರದಿ ಚೊಕ್ಕ ಅಂತ ಆಗ್ತದೆ.”

ಆಗ ಕಂಪ್ಯೂಟರ್ ‘ಟಿಂಗ್’ ಎಂದಿತು.

ಪರದೆಯ ಮೇಲೆ ಹೊಸದೊಂದು ಹಾಳೆ ತೆರೆದುಕೊಳ್ಳುತ್ತಿತ್ತು. ಕೆಂಪು ಗುರುತು. ಬರಬೇಕಾಗಿದ್ದ ಉತ್ತರ ‘ಎರಡು’. ಬಂದ ಉತ್ತರ ‘ಒಂದು’.

ಫೇಲ್.

“ಫೇಲ್!” ಗಂಗಾಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟಳು. “ಸರ್, ಫೇಲ್ ಆಯ್ತು!”

“ಫೇಲಾ? ಶುಕರ್ ಹೈ!” ಹಫೀಜ್ ಸಾಹೇಬರು ಎರಡೂ ಕೈ ಎತ್ತಿದರು. ಯೋಗೀಶ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದ. ಆ ಆಫೀಸು ತೆರೆದ ಮೇಲೆ ಒಂದು ಫೇಲಿಗೆ ಇಷ್ಟು ಸಂತೋಷವಾದದ್ದು ಇದೇ ಮೊದಲು.

ನಾಗಲಿಂಗಯ್ಯ ಮಾತ್ರ ಮೇಜಿನ ಮೇಲಿದ್ದ ಫೋನನ್ನು ನೋಡುತ್ತಿದ್ದರು. ಅದು ಯೋಗೀಶ ಇಟ್ಟಲ್ಲೇ ಇತ್ತು.

“ಫೋನ್ ಇಲ್ಲೈತೆ. ಪರೀಕ್ಷೆ ಮಾಡೋನೂ ಇಲ್ಲೇ ಅವ್ನೆ. ಹಂಗಾದ್ರೆ ಇದನ್ನ ಮಾಡಿದೋರ್ಯಾರು? ಓದಮ್ಮ.”

ಗಂಗಾಲಕ್ಷ್ಮಿ ಓದಿದಳು. ಸಮಯ, ಹನ್ನೊಂದು ಗಂಟೆ ಐವತ್ತು ನಿಮಿಷ, ಅಂದರೆ ಈಗ. ಜಾಗ, ಪಾವಗಡ ದಾಟಿ ಆಂಧ್ರದ ಗಡಿಯ ಕಡೆ ಒಂದು ಹಳ್ಳಿ. ಲಾಗಿನ್...

ಅವಳು ನಿಲ್ಲಿಸಿದಳು. ನಾಗಲಿಂಗಯ್ಯನವರೇ ಬಗ್ಗಿ ಓದಿದರು. “ಗಂಗಾಲಕ್ಷ್ಮಿ.”

“ಅರೆ, ಅವ್ಳು ಇಲ್ಲೇ ಕೂತವ್ಳಲ್ಲ!” ಎಂದರು ಹಫೀಜ್ ಸಾಹೇಬರು. “ನಾಲ್ಕು ಜನ ಸಾಕ್ಷಿ ಇದೀವಿ. ಸ್ಯಾಟಲೈಟೂ ಬ್ಯಾಡ. ಯಾರೋ ಅವ್ಳ ಹೆಸ್ರಲ್ಲಿ ಆಟ ಆಡ್ತಾವ್ರೆ. ಬಿಡಿ ಸಾಬ್, ಗಂಗಮ್ಮ ಪಾರಾದ್ಳು!”

ಅಷ್ಟರಲ್ಲಿ ಚಿತ್ರ ಪೂರ್ತಿ ಇಳಿದಿತ್ತು. ಕ್ಯಾತಣ್ಣ ಪರದೆಗೆ ಮುಖ ಹತ್ತಿರ ತಂದ. ಅವನ ನಗು ಎಲ್ಲಿಯೋ ಹೋಯಿತು.

“ಇದು ಮುತ್ತ ಅಲ್ಲ.”

“ಗೊತ್ತು ಕಣಪ್ಪ, ಅದ್ಕೇ ಫೇಲ್ ಆಗಿರೋದು.”

“ಇದು ನನ್ ಬೆಳ್ಳಿ, ಸ್ವಾಮೇರ. ಕೆಳತುಟಿ ಸೀಳು ನೋಡಿ, ಜಾಲಿ ಮುಳ್ಳು ಗೀರಿದ್ದು. ಶಿವರಾತ್ರಿ ಆದ್ ಮ್ಯಾಕೆ ಒಂದಿನ ರೊಪ್ಪದ ಬಾಗ್ಲಿಗೆ ಬರ್ಲೇ ಇಲ್ಲ. ಗಬ್ಬ ಆಗಿತ್ತು. ತೋಳ ಒಯ್ತು ಅನ್ಕಂಡು, ಮೂರು ದಿನ ಕಾಡಾಗ್ ಎಲುಬು ಹುಡುಕಿದ್ದೀನಿ.” ಅವನ ಬೆರಳು ಗಾಜನ್ನು ಮುಟ್ಟಿ, ಸುಟ್ಟ ಹಾಗೆ ಹಿಂದೆ ಬಂತು. “ಬದುಕೈತೆ. ಯಾರೋ ಹಿಡ್ಕಂಡವ್ರೆ ನೋಡಿ.”

ಚಿತ್ರದ ಕೆಳಮೂಲೆಯಲ್ಲಿ, ಕುರಿಯ ದವಡೆಯನ್ನು ಮೇಲಕ್ಕೆತ್ತಿ ಹಿಡಿದ ಒಂದು ಕೈ ಕಾಣುತ್ತಿತ್ತು. ಮುಂಗೈ ಮೇಲೆ ಕಪ್ಪಗೆ ಏನೋ ಗುರುತು.

“ಕಳ್ಳನ ಕೈಯೇ ಸಿಕ್ತು,” ಎಂದರು ನಾಗಲಿಂಗಯ್ಯ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಇಷ್ಟು ಸಲೀಸಾದ ಮಹಜರು ಅವರಿಗೆ ಸಿಕ್ಕಿರಲಿಲ್ಲ. “ದೊಡ್ಡದ್ ಮಾಡಮ್ಮ. ಅದೇನ್ ಗುರುತು ನೋಡಾಣ. ಈ ಒಂದ್ ಹಾಳೆ ಸಾಕು, ಸೋಮವಾರ ನೀನು ತಲೆ ಎತ್ಕಂಡ್ ಕೂತ್ಕೊಬೋದು.”

ಗಂಗಾಲಕ್ಷ್ಮಿಗೆ ದೊಡ್ಡದು ಮಾಡುವ ಅಗತ್ಯವಿರಲಿಲ್ಲ. ಅದು ಹಚ್ಚೆ. ಬಾಲವಿಲ್ಲದ ಚೇಳು. ಹಚ್ಚೆ ಹಾಕುವವಳು ಬಾಲ ಬರೆಯುವ ಮೊದಲೇ ನೋವು ತಾಳದೆ ಎದ್ದು ಓಡಿದವಳು ಅವಳ ತಾಯಿ ಚಿಕ್ಕಹನುಮಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಆ ಚೇಳಿಗೆ ತನ್ನ ಬೆರಳಿನಿಂದ ಬಾಲ ಬರೆಯುತ್ತ ಗಂಗಾಲಕ್ಷ್ಮಿ ನಿದ್ದೆ ಹೋಗುತ್ತಿದ್ದಳು.

ಹಪ್ಪಳ ಒತ್ತಲು ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ತಾಯಿ ಪಾವಗಡದ ಬಸ್ಸು ಹತ್ತಿ ಹತ್ತು ದಿನವಾಗಿತ್ತು. ಕೈಯಲ್ಲಿದ್ದದ್ದು ಮಗಳು ಕೊಟ್ಟ ಹಳೆಯ ಫೋನು. ಆಫೀಸಿನ ಆಪ್‌ಗಳಿದ್ದ ಫೋನು. ಕೊಡುವಾಗ ತನ್ನ ಲಾಗಿನ್ ತೆಗೆಯಲು ಮಗಳು ಮರೆತಿದ್ದಳು.

“ಮಾಡಮ್ಮ,” ಎಂದರು ನಾಗಲಿಂಗಯ್ಯ.

ಅವಳ ಬೆರಳು ಕೀಲಿಗಳ ಮೇಲೆ ಹೋಯಿತು. ಆ ಹಾಳೆಗೆ ಏನೇನು ಬರಬೇಕೆಂದು ಸಾಲು ಸಾಲಾಗಿ ಬರೆದವಳು ಅವಳೇ. ಬಂದದ್ದನ್ನು ತೆಗೆಯುವುದು ಹೇಗೆಂದು ಆ ಕೋಣೆಯಲ್ಲಿ ಗೊತ್ತಿದ್ದವಳೂ ಅವಳೊಬ್ಬಳೇ.

ಒಂದು ಕೀಲಿ ಒತ್ತಿದ ಸದ್ದಾಯಿತು.

ಚಿತ್ರವಿದ್ದ ಜಾಗದಲ್ಲಿ ಬಿಳಿಯ ಚೌಕ ಉಳಿಯಿತು. ಹಫೀಜ್ ಸಾಹೇಬರು ಕರೆಂಟು ಹೋಯಿತೇನೋ ಎಂದು, ಮೊದಲೇ ನಿಂತಿದ್ದ ಫ್ಯಾನಿನ ಕಡೆ ನೋಡಿದರು. ನಾಗಲಿಂಗಯ್ಯನವರು ಪರದೆಯನ್ನು ನೋಡಲಿಲ್ಲ. ಅವರು ಗಂಗಾಲಕ್ಷ್ಮಿಯ ಬೆರಳನ್ನು ನೋಡುತ್ತಿದ್ದರು.

ಕ್ಯಾತಣ್ಣನೊಬ್ಬನೇ ಮಾತಾಡಿದ, ಬಹಳ ಮೆತ್ತಗೆ.

“ನನ್ ಕುರಿ ಎಲ್ಲೋಯ್ತಮ್ಮ?”